ಎರಡನೇ ಪ್ಲೇಟು

ಊರಿನ ಅರ್ಧ ಜನ ಹಲ್ಲಯ್ಯನ ಕೈಕೆಲಸದಿಂದಲೇ ನಗುತ್ತಾರೆ, ಅಗಿಯುತ್ತಾರೆ, ಮನೆಮಂದಿಯನ್ನೆಲ್ಲ ಬೈಯುತ್ತಾರೆ. ಅವರಲ್ಲಿ ಒಬ್ಬರಿಗೂ ಅವನ ಮುಖ ಗೊತ್ತಿಲ್ಲ. ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ರೋಗಿಯ ಬಾಯಿಂದ ಅಚ್ಚು ತೆಗೆದು ಕಳಿಸುತ್ತಾರೆ. ಹಿಂದಿನ ಕೋಣೆಯಲ್ಲಿ ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದ ಮೇಲೆ ಒಂದೊಂದೇ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡು ಎರಕಹೊಯ್ದು, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತಾನೆ. ಹಲ್ಲಿನ ಸೆಟ್ಟು ಬಾಯಿಗೆ ಕೂತರೆ ಹೊಗಳಿಕೆ ಡಾಕ್ಟರಮ್ಮನಿಗೆ, ಕೂರದಿದ್ದರೆ ಬೈಗುಳ ಇವನಿಗೆ. ಇಡೀ ದಿನ ಅವನ ಎದುರು ಕಪಾಟಿನ ತುಂಬ ದವಡೆಗಳು ಬಾಯಿ ತೆರೆದುಕೊಂಡು ಕೂತಿರುತ್ತವೆ, ಒಂದೂ ಮಾತಾಡುವುದಿಲ್ಲ.

ಹಲ್ಲಯ್ಯ ಅನ್ನುವುದು ಅವನ ಹುಟ್ಟುಹೆಸರಲ್ಲ. ಇಟ್ಟವನು ಗೆಳೆಯ ಡಬಡಬ. ಡಬಡಬ ಎಂಬ ಹೆಸರನ್ನು ಅವನಿಗೆ ಇಟ್ಟವನು ಹಲ್ಲಯ್ಯ, ಏಕೆಂದರೆ ಆ ಹುಡುಗ ಬೆಂಚು ಕಂಡರೆ ಬೆಂಚು, ಬಕೆಟ್ಟು ಕಂಡರೆ ಬಕೆಟ್ಟು, ಬಸ್ಸಿನಲ್ಲಿ ಮುಂದೆ ಕೂತವರ ಸೀಟು, ಎಲ್ಲವನ್ನೂ ಬಡಿಯುತ್ತಿದ್ದ. ಇಬ್ಬರೂ ಒಟ್ಟಿಗೇ ಒಂದು ರಾಕ್ ಬ್ಯಾಂಡಿನ ಹುಚ್ಚು ಹಿಡಿಸಿಕೊಂಡವರು. ಕಡಲಾಚೆಯ ನಾಲ್ಕು ಜನರ ಬ್ಯಾಂಡು ಅದು. ಒಬ್ಬ ಹಾಡುತ್ತಿದ್ದ, ಒಬ್ಬ ಗಿಟಾರು ನುಡಿಸುತ್ತಿದ್ದ, ಉಳಿದಿಬ್ಬರು ಅವರಿಬ್ಬರ ಜಗಳ ಬಿಡಿಸುತ್ತಿದ್ದರು. ಇವರಿಬ್ಬರ ಬಾಯಲ್ಲಿ ಆ ಬ್ಯಾಂಡಿಗೆ ಹೆಸರೇ ಇರಲಿಲ್ಲ, ಬರೀ ‘ನಮ್ಮವರು’. ‘ನಮ್ಮವರ’ ಕೊನೆಯ ಆಲ್ಬಂ ಬಂದಾಗ ಅದರಲ್ಲಿ ಎರಡು ಗ್ರಾಮಫೋನ್ ಪ್ಲೇಟುಗಳಿದ್ದವು. ಇಬ್ಬರೂ ಅರ್ಧರ್ಧ ಹಾಕಿ ಕೊಂಡರು. ಇಟ್ಟುಕೊಂಡದ್ದು ಹಲ್ಲಯ್ಯನ ಕೋಣೆಯಲ್ಲಿ, ಯಾಕೆಂದರೆ ಡಬಡಬನ ಅಪ್ಪನಿಗೆ ಮಗನ ಸದ್ದೇ ಸಾಕಾಗಿ ಹೋಗಿತ್ತು.

ಆ ವರ್ಷವೇ ಗಿಟಾರಿನವನು ತುಂಬಿದ ಸಭೆಯಲ್ಲಿ, ಹಾಡಿನ ನಟ್ಟನಡುವೆ, ಗಿಟಾರನ್ನು ನೆಲಕ್ಕಿಟ್ಟು ವೇದಿಕೆ ಇಳಿದು ಹೋದ. ಬ್ಯಾಂಡು ಅಲ್ಲಿಗೆ ಮುಗಿಯಿತು. ತಪ್ಪು ಯಾರದು?

ಹಲ್ಲಯ್ಯ ಗಿಟಾರಿನವನದು ಅಂದ. ಡಬಡಬ ಹಾಡುವವನದು ಅಂದ. ಮೊದಮೊದಲು ತಮಾಷೆಯಾಗಿಯೇ ಇತ್ತು. ಒಂದು ಸಂಜೆ ಅದು ಎಲ್ಲಿಂದ ಎಲ್ಲಿಗೋ ಹೋಯಿತು.

“ಹಾಡೋನಿಗೆ ಕೊಬ್ಬು ಕಣೋ. ಯಾವಾಗ್ಲೂ ತಂದೇ ನಡೀಬೇಕು, ನಿನ್ ಥರಾನೇ,” ಅಂದ ಡಬಡಬ.

“ಮಧ್ಯದಲ್ಲಿ ಕೈಕೊಟ್ಟು ಹೋಗೋದು ನಿನ್ ಬುದ್ಧಿ. ಅದಕ್ಕೇ ಗಿಟಾರಿನೋನ ಮೇಲೆ ನಿಂಗೆ ಅಷ್ಟು ಪ್ರೀತಿ,” ಅಂದ ಹಲ್ಲಯ್ಯ.

ಇದಾದ ಮೇಲೆ ಇನ್ನೇನು ಉಳಿಯುತ್ತದೆ? ಡಬಡಬ ಎದ್ದು ತನ್ನ ಪಾಲು ಕೊಡು ಅಂದ. ಆಲ್ಬಂ ಅರ್ಧ ಮಾಡುವುದು ಹೇಗೆ? ಎರಡು ಪ್ಲೇಟಿದ್ದವಲ್ಲ, ಎರಡನೆಯದನ್ನು ಎತ್ತಿಕೊಂಡ. ಕವರು ಮಾತ್ರ ಒಂದೇ ಇತ್ತು, ಅದನ್ನು ಹಲ್ಲಯ್ಯ ಎದೆಗೆ ಒತ್ತಿ ಹಿಡಿದಿದ್ದ. ಡಬಡಬ ತನ್ನ ಅಂಗಿ ಬಿಚ್ಚಿ, ಪ್ಲೇಟನ್ನು ಮಗುವಿನಂತೆ ಸುತ್ತಿಕೊಂಡು, ಬನಿಯನ್ನಿನಲ್ಲೇ ಮೆಟ್ಟಿಲಿಳಿದು ಹೋದ. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಮೂವತ್ತು ವರ್ಷದ ಮೇಲಾಯಿತು. ಡಬಡಬ ಲಿಫ್ಟ್ ರಿಪೇರಿಯ ಕೆಲಸ ಹಿಡಿದು, ಮದುವೆಯಾಗಿ, ಎರಡು ಬಸ್‌ಸ್ಟಾಪ್ ಆಚೆಗೆ ಸಂಸಾರ ಹೂಡಿದ. ಹಲ್ಲಯ್ಯ ಮದುವೆ ಆಗಲಿಲ್ಲ. ತಾಯಿ ಇರುವ ತನಕ ತಾಯಿ ಇದ್ದಳು. ಈಗ ದೂರದೂರಿಂದ ತಂಗಿ ಫೋನು ಮಾಡಿ, “ಅಣ್ಣ, ಊಟ ಆಯ್ತಾ?” ಎಂದು ಕೇಳಿ, ಉತ್ತರ ಬರುವ ಮೊದಲೇ ತನ್ನ ಸೊಂಟನೋವಿನ ಕಥೆ ಶುರುಮಾಡುತ್ತಾಳೆ.

ಅವನ ಬದುಕಿಗೆ ಆಸರೆ ಅಂದರೆ ಭಾನುವಾರ. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಅವನ ಕೋಣೆಗೆ ಬರುತ್ತಾರೆ. ಒಬ್ಬರು ಸಿಸ್ಟರಮ್ಮ, ಆಸ್ಪತ್ರೆಯಿಂದ ನಿವೃತ್ತಿಯಾದ ನರ್ಸು. ಇನ್ನೊಬ್ಬ ಮೂಲೆಯ ಕಟಿಂಗ್ ಶಾಪಿನವನು. ಒಂದು ಕಾಲಕ್ಕೆ ಈ ಕೋಣೆಯಲ್ಲಿ ಕೂರಲು ಜಾಗ ಸಾಲದೆ ಅಭಿಮಾನಿಗಳು ಮೆಟ್ಟಿಲ ಮೇಲೂ ಕೂರುತ್ತಿದ್ದರು. ಈಗ ಉಳಿದವರು ಇಷ್ಟೇ. ಚಹಾ ಕುಡಿದು, ಮೊದಲನೇ ಪ್ಲೇಟಿನ ಎರಡೂ ಬದಿ ಕೇಳಿ, ಆಮೇಲೆ ‘ನಮ್ಮವರು’ ಮತ್ತೆ ಒಂದಾಗುವ ಅವಕಾಶಗಳನ್ನು ಹೇಗೆ ಹೇಗೆ ಹಾಳುಮಾಡಿಕೊಂಡರು ಎಂಬ ಪಂಚಾಯಿತಿ.

“ಆ ಸಹಾಯಾರ್ಥ ಸಂಗೀತ ಕಛೇರಿ ದಿನ ಗಿಟಾರಿನೋನು ಬಂದೇ ಬಿಟ್ಟಿದ್ದ,” ಎಂದು ಕಟಿಂಗ್ ಶಾಪಿನವನು ಸಾವಿರದೊಂದನೇ ಸಲ ಶುರುಮಾಡುತ್ತಾನೆ. “ಕಾರ್ ನಿಲ್ಸೋ ಜಾಗದ ತನಕ ಬಂದು, ಕಾರಲ್ಲೇ ಕೂತು, ಹಂಗೇ ವಾಪಸ್ ಹೋದ. ಇಳಿದಿದ್ರೆ ಏನ್ ಗಂಟು ಹೋಗ್ತಿತ್ತು?”

“ಒಳಗಿದ್ದ ಹಾಡೋನು ಎದ್ದು ಬಂದು ಕಾರಿನ ಬಾಗಿಲು ತೆಗೀಬಹುದಿತ್ತಲ್ಲ,” ಎಂದು ಸಿಸ್ಟರಮ್ಮ. “ಕಿಟಕೀಲಿ ನೋಡ್ತಾ ನಿಂತಿದ್ನಂತೆ, ಮಹಾರಾಯ.”

ಮತ್ತೊಂದು ಸಲ ಎಲ್ಲ ಕೂಡಿಬಂದು, ಪೋಸ್ಟರಿನಲ್ಲಿ ಯಾರ ಹೆಸರು ಮೇಲಿರಬೇಕು ಎಂದು ಕಿತ್ತಾಡಿ ಮುರಿದುಬಿತ್ತು. ಹಾಡುವವನಿಗೆ ಕಾಯಿಲೆಯಾದಾಗ ಗಿಟಾರಿನವನು ಹೂಗುಚ್ಛ ಕಳಿಸಿದ, ತಾನು ಬರಲಿಲ್ಲ. ಈ ಮಾತೆಲ್ಲ ನಡೆಯುವಾಗ ಹಲ್ಲಯ್ಯ ಮುಳ್ಳಿನ ಮೇಲೆ ಕೂತವನಂತಿರುತ್ತಿದ್ದ. ಡಬಡಬನ ಹೆಂಡತಿ ತೀರಿಕೊಂಡ ದಿನ ಅವನೂ ಹೋಗಿದ್ದ. ಎದುರು ಫುಟ್‌ಪಾತಿನಲ್ಲಿ, ಔಷಧಿ ಅಂಗಡಿಯ ನೆರಳಲ್ಲಿ ನಿಂತು, ಜನ ಒಳಗೆ ಹೊರಗೆ ಓಡಾಡುವುದನ್ನು ನೋಡಿ, ಯಾರೋ ಏನು ಬೇಕೆಂದು ಕೇಳಿದ್ದಕ್ಕೆ ಕೆಮ್ಮಿನ ಗುಳಿಗೆ ಕೊಂಡು ಮನೆಗೆ ಬಂದಿದ್ದ.

ಎರಡನೇ ಪ್ಲೇಟಿನ ವಿಷಯ ಬೇರೆ. ಸಿಸ್ಟರಮ್ಮ, ಕಟಿಂಗ್ ಶಾಪಿನವನು ಇಬ್ಬರೂ ಜಗಳದ ನಂತರ ಸೇರಿದವರು. ಅದನ್ನು ಯಾಕೆ ಹಾಕುವುದಿಲ್ಲ ಎಂದು ಕೇಳಿದಾಗ, ಅರ್ಧ ಆಲ್ಬಮ್ಮಿನ ಒಡೆಯ ತಾನು ಎಂದು ಹೇಳಲು ನಾಚಿಕೆಯಾಗಿ, ಹಲ್ಲಯ್ಯ ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದ: “ನಮ್ಮವರು ಮತ್ತೆ ಒಟ್ಟಿಗೆ ವೇದಿಕೆ ಹತ್ತೋ ತನಕ ಅದನ್ನ ಮುಟ್ಟಲ್ಲ ಅಂತ ಶಪಥ.” ಅವರು ಅದನ್ನು ನಂಬಿದ್ದಷ್ಟೇ ಅಲ್ಲ, ತಾವೂ ತೊಟ್ಟರು. ಕಟಿಂಗ್ ಶಾಪಿನ ರೇಡಿಯೋದಲ್ಲಿ ಆ ಹಾಡುಗಳೇನಾದರೂ ಬಂದರೆ, ಶಾಪಿನವನು ಗಿರಾಕಿಯ ಕೆನ್ನೆಗೆ ಅರ್ಧ ಸೋಪು ಹಚ್ಚಿದಲ್ಲೇ ಬಿಟ್ಟು ಓಡಿಹೋಗಿ ಆರಿಸುತ್ತಿದ್ದ. ಕವರಿನ ಎರಡನೇ ಜೇಬು ಖಾಲಿ ಎಂಬುದು ಹಲ್ಲಯ್ಯನೊಬ್ಬನಿಗೇ ಗೊತ್ತಿತ್ತು.

ಹೀಗಿರುವಾಗ ಹಾಡುವವನು ಸತ್ತುಹೋದ. ಆ ಭಾನುವಾರ ಯಾರೂ ಪಂಚಾಯಿತಿ ಮಾಡಲಿಲ್ಲ. ಚಹಾ ಆರಿಹೋಯಿತು.

“ಇನ್ನು ಯಾರಿಗೆ ಕಾಯೋದು?” ಅಂದ ಕಟಿಂಗ್ ಶಾಪಿನವನು. “ಮಗಳು ಭಾನುವಾರ ಮೊಮ್ಮಗೂನ ನೋಡ್ಕೊಳ್ಳಿ ಅಂತಾಳೆ. ನಾನೇ ಏನೋ ನೆಪ ಹೇಳಿ ಬರ್ತಿದ್ದೆ.”

“ನಂಗೂ ಮೊಣಕಾಲು ಕೇಳ್ತಿಲ್ಲ,” ಅಂದರು ಸಿಸ್ಟರಮ್ಮ. ಆಮೇಲೆ ಹಲ್ಲಯ್ಯನ ಕಡೆ ತಿರುಗಿ, “ಅಣ್ಣ, ಶಪಥಕ್ಕೆ ಇನ್ನು ಅರ್ಥ ಇಲ್ಲ. ಬರೋ ವಾರ ಎರಡನೇ ಪ್ಲೇಟು ಹಾಕಿ. ಒಂದು ಸಲ ಪೂರ್ತಿ ಕೇಳಿ ಮುಗಿಸಿಬಿಡೋಣ.”

ಮುಗಿಸಿಬಿಡೋಣ ಅಂದರೆ ಹಲ್ಲಯ್ಯನಿಗೆ ಇನ್ನು ಭಾನುವಾರ ಇಲ್ಲ ಎಂದೇ ಅರ್ಥ. ಭಾನುವಾರವೂ ಹೋದರೆ ಅವನಿಗೆ ಯಾರೂ ಇಲ್ಲ. ಪ್ಲಾಸ್ಟರಿನ ದವಡೆಗಳು, ತಂಗಿಯ ಸೊಂಟ, ಅಷ್ಟೇ. ಕೊನೆಯ ದಿನವೂ ಸುಳ್ಳುಗಾರನಾಗಿ ಇವರ ಎದುರು ನಿಲ್ಲಲು ಅವನಿಗೆ ಮನಸ್ಸಾಗಲಿಲ್ಲ. ಕೆಲಸ ಬೇಗ ಮುಗಿದ ಒಂದು ಸಂಜೆ ಬಸ್ಸು ಹತ್ತಿದ.

ಡಬಡಬನ ಮನೆ ನಾಲ್ಕನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿದ್ದರು. ಜೀವನವಿಡೀ ಊರವರ ಲಿಫ್ಟ್ ರಿಪೇರಿ ಮಾಡಿದವನ ಕಟ್ಟಡ! ಹಲ್ಲಯ್ಯನಿಗೆ ಅಷ್ಟು ಅಳುಕಿನಲ್ಲೂ ನಗು ಬಂತು. ಏದುಸಿರು ಬಿಡುತ್ತ ಹತ್ತಿ ಕರೆಗಂಟೆ ಒತ್ತಿದ.

ಬಾಗಿಲು ತೆರೆದ ಮುದುಕನ ಕೆನ್ನೆ ಒಳಕ್ಕೆ ಹೋಗಿತ್ತು. ಇಬ್ಬರೂ ಇಂಗು ತಿಂದ ಮಂಗನ ಹಾಗೆ ನಿಂತರು.

“ಎರಡನೇ ಪ್ಲೇಟು ಬೇಕಿತ್ತು,” ಅಂದ ಹಲ್ಲಯ್ಯ. ಬೇರೆ ಏನೇನೋ ಹೇಳಬೇಕೆಂದು ಬಂದವನು.

“ಹ್ಞೂಂ,” ಅಂದ ಡಬಡಬ. ಒಳಗೆ ಹೋಗಿ ಅದೇ ಹಳೆಯ ಅಂಗಿಯಲ್ಲಿ ಸುತ್ತಿದ್ದ ಪ್ಲೇಟು ತಂದು ಕೊಟ್ಟ. ಅಂಗಿಯ ಬಣ್ಣ ಮಾಸಿತ್ತು, ಗುಂಡಿಗಳೆಲ್ಲ ಇದ್ದವು. “ಪ್ಲೇಯರ್ ಕೆಟ್ಟು ಬಹಳ ದಿನ ಆಯ್ತು. ಇಟ್ಕೊ.”

ಮಾತಾಡುವಾಗ ಅವನ ಬಾಯಲ್ಲಿ ಕಟ್ ಕಟ್ ಎಂದು ಸದ್ದಾಯಿತು. ಮೇಲಿನ ಸೆಟ್ಟು ಸಡಿಲ. ಯಾವನೋ ಕಚಡಾ ಕೆಲಸಗಾರ ಮಾಡಿದ್ದು, ವಸಡಿನ ಅಂಚು ಕೂಡ ಸರಿಯಾಗಿ ಉಜ್ಜಿಲ್ಲ. ಹಲ್ಲಯ್ಯನಿಗೆ ಎದೆಗೆ ಒದ್ದಂತಾಯಿತು. ಎರಡು ಸ್ಟಾಪ್ ಆಚೆ ತಾನಿರುವಾಗ ಇವನು ಬೇರೆಯವರ ಹತ್ತಿರ ಹಲ್ಲು ಮಾಡಿಸಿಕೊಂಡಿದ್ದ! ಬೇರೆ ಯಾವ ಬೈಗುಳವೂ ಇಷ್ಟು ನೋವು ಕೊಟ್ಟಿರಲಿಲ್ಲ. ಬಾ ಒಳಗೆ ಎಂದು ಅವನು ಅನ್ನಲಿಲ್ಲ, ಬರಲೇ ಎಂದು ಇವನು ಕೇಳಲಿಲ್ಲ. ಅಂಗಿಯ ಗಂಟನ್ನು ಕಂಕುಳಲ್ಲಿ ಇರಿಸಿಕೊಂಡು ಹಲ್ಲಯ್ಯ ಮೆಟ್ಟಿಲಿಳಿದ. ಕೆಳಗೆ ಬಂದು ತಲೆಯೆತ್ತಿದರೆ ನಾಲ್ಕನೇ ಮಹಡಿಯ ಕಿಟಕಿಯಲ್ಲಿ ಯಾರೋ ನಿಂತಿದ್ದರು. ಬಸ್ಸು ಬಂತು, ಹತ್ತಿದ.

ಭಾನುವಾರ ಸಿಸ್ಟರಮ್ಮ ಒಳ್ಳೆಯ ಸೀರೆ ಉಟ್ಟು ಬಂದರು. ಕಟಿಂಗ್ ಶಾಪಿನವನು ತಾನೇ ತಲೆಗೆ ಬಣ್ಣ ಹಾಕಿಕೊಂಡು ಬಂದಿದ್ದ. ಹಲ್ಲಯ್ಯ ಪ್ಲೇಟು ಇಟ್ಟು ಪ್ಲೇಯರಿನ ಮುಳ್ಳು ಇಳಿಸಿದ. ಹಾಡುಗಳು ಒಂದಾದ ಮೇಲೊಂದು ಬಂದವು. ಇಬ್ಬರೂ ಕಣ್ಣು ಮುಚ್ಚಿ ಕೂತರು. ಕೊನೆಯ ಹಾಡಿಗೆ ಬರುವಷ್ಟರಲ್ಲಿ ಸದ್ದು ಕೆಟ್ಟಿತು. ಗರಗರ, ಚರಚರ. ಹಾಡುವವನೂ ಗಿಟಾರಿನವನೂ ಒಂದೇ ಮೈಕಿಗೆ ಬಾಯಿಟ್ಟು ಹಾಡುವ ಜಾಗ ಬಂದಾಗ ದನಿಯೇ ಇಲ್ಲ, ಬರೀ ಗಾಳಿ ಬೀಸಿದ ಹಾಗೆ. ಮುಳ್ಳು ಅದೇ ಜಾಗದಲ್ಲಿ ಮತ್ತೆ ಮತ್ತೆ ಎಡವಿತು.

“ಶಪಥದ ಪ್ಲೇಟು ಹೊಸದಾಗಿ ಇರ್ಬೇಕಿತ್ತಲ್ವಾ,” ಅಂದರು ಸಿಸ್ಟರಮ್ಮ ಮೆಲ್ಲಗೆ. “ಇದು ಸವೆದು ಹೋಗಿದೆ. ಯಾರೋ ಇದೊಂದೇ ಹಾಡನ್ನ ದಿನಾ ಕೇಳಿದ್ದಾರೆ.”

ಹಲ್ಲಯ್ಯ ಪ್ಲೇಟಿನ ಹತ್ತಿರ ಬಗ್ಗಿ ನೋಡಿದ. ಕಪ್ಪು ಗೆರೆಗಳು ಆ ಒಂದು ಕಡೆ ಬೂದುಬಣ್ಣಕ್ಕೆ ತಿರುಗಿದ್ದವು. ಪ್ಲೇಯರ್ ಕೆಡುವ ತನಕ ಡಬಡಬ, ಒಬ್ಬನೇ ಕೂತು, ಅವರಿಬ್ಬರೂ ಒಟ್ಟಿಗೆ ಹಾಡುವುದನ್ನೇ ಕೇಳಿದ್ದ. ಹಲ್ಲಯ್ಯನ ಕಣ್ಣು ತುಂಬಿತು. ಮುಚ್ಚಿಡಲು ಹೋಗಲಿಲ್ಲ.

“ಶಪಥ ಗಿಪಥ ಏನೂ ಇರಲಿಲ್ಲ,” ಅಂದ. “ಪ್ಲೇಟು ನನ್ ಹತ್ರಾನೇ ಇರಲಿಲ್ಲ.” ನಡೆದದ್ದೆಲ್ಲ ಹೇಳಿದ.

ಕಟಿಂಗ್ ಶಾಪಿನವನು ಬಾಯಿ ಬಾಯಿ ಬಿಟ್ಟ. “ಅಯ್ಯೋ ನಿನ್ನ! ಇಷ್ಟು ವರ್ಷ ನಾನು ರೇಡಿಯೋ ಆರಿಸಿದ್ದೇ ಆರಿಸಿದ್ದು! ಒಬ್ಬನ ಕಿವಿ ಬೇರೆ ಕುಯ್ದಿದ್ದೆ ಆ ಗಡಿಬಿಡೀಲಿ!”

ಸಿಸ್ಟರಮ್ಮ ನಗಲಿಲ್ಲ. “ಹೋಗಿ ಅಣ್ಣ,” ಅಂದರು. “ಕಾರಲ್ಲಿ ಕೂತೋನ ಕಥೆ ಇನ್ನೊಂದ್ ಸಲ ಕೇಳಕ್ಕೆ ನನ್ ಕೈಲಾಗಲ್ಲ. ನಾವು ಬಾಗಿಲು ಎಳ್ಕೊಂಡು ಹೋಗ್ತೀವಿ.”

ಮೊದಲನೇ ಪ್ಲೇಟನ್ನೂ ಸವೆದ ಪ್ಲೇಟನ್ನೂ ಕವರಿನ ಎರಡು ಜೇಬುಗಳಲ್ಲಿ ಇಟ್ಟುಕೊಂಡು ಹಲ್ಲಯ್ಯ ಬಸ್ಸು ಹತ್ತಿದ. ಮೆಟ್ಟಿಲು ಹತ್ತುವಾಗ ಒಂದೊಂದು ಮಹಡಿಗೂ ನಿಂತು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡ. ಅದು ಅವನು ಸುಮ್ಮನೆ ರಾಜಿಗೆಂದು ಕಟ್ಟಿಕೊಂಡ ಮಾತಲ್ಲ. ವರ್ಷಗಟ್ಟಲೆ ಒಬ್ಬನೇ ಕೂತು ಯೋಚಿಸಿ, ಯಾರಿಗೂ ಹೇಳದೆ ಒಪ್ಪಿಕೊಂಡಿದ್ದ ಮಾತು.

ಬಾಗಿಲು ತೆರೆಯಿತು. ಉಸಿರು ಹಿಡಿಯುವ ಮೊದಲೇ ಹಲ್ಲಯ್ಯ ಅಂದ: “ತಪ್ಪು ಹಾಡೋನದೇ ಕಣೋ. ನೀನು ಹೇಳಿದ್ದೇ ಸರಿ.”

ಡಬಡಬ ಅವನನ್ನೇ ದಿಟ್ಟಿಸಿದ. “ಏನ್ ಹೇಳ್ತಿದೀಯ? ತಪ್ಪು ಗಿಟಾರಿನೋನದು. ಹಾಡಿನ ಮಧ್ಯೆ ಎದ್ದು ಹೋಗ್ತಾರಾ? ಹೆಂಡತಿ ಹೋದ್ಮೇಲೆ ಕೂತ್ಕೊಂಡು ಯೋಚನೆ ಮಾಡ್ದೆ. ನೀನೇ ಸರಿ ಇದ್ದೆ.”

“ಇಲ್ಲ ಕಣೋ, ಅವನು ಸುಮ್ಮನೆ ಎದ್ದು ಹೋಗ್ಲಿಲ್ಲ. ಹಾಡೋನು ಅವನನ್ನ ಎಷ್ಟು...”

“ಎಷ್ಟಾದ್ರೂ ಆಗ್ಲಿ! ಎದ್ದು ಹೋಗ್ಬಾರ್ದಿತ್ತು!”

ಹೊಸಿಲಿನ ಆಚೆ ಒಬ್ಬ ಈಚೆ ಒಬ್ಬ ನಿಂತು, ಒಬ್ಬರ ಹಳೆಯ ವಾದವನ್ನು ಇನ್ನೊಬ್ಬರು ಹಿಡಿದುಕೊಂಡು, ಮೊದಲಿಗಿಂತ ಜೋರಾಗಿ ಕಿತ್ತಾಡಿದರು. ಎದುರು ಮನೆಯವರು ಬಾಗಿಲು ತೆರೆದು ನೋಡಿ ಮುಚ್ಚಿಕೊಂಡರು. ಡಬಡಬ ಒಂದು ಮಾತನ್ನು ಎತ್ತರಿಸಿ ಹೇಳಲು ಹೋದಾಗ ಮೇಲಿನ ಸೆಟ್ಟು ಕಟ್ಟೆಂದು ಜಾರಿ ಮಾತು ಅರ್ಧಕ್ಕೆ ನಿಂತಿತು. ಇನ್ನೊಬ್ಬನೇ ಸರಿ ಎಂಬ ಮಾತು ಎಷ್ಟು ವರ್ಷದಿಂದ ಇಬ್ಬರ ಒಳಗೂ ಇತ್ತು ಎಂಬ ಲೆಕ್ಕ ಇಬ್ಬರಿಗೂ ಒಟ್ಟಿಗೇ ಸಿಕ್ಕಿದಂತಿತ್ತು.

“ಅವತ್ತು ಔಷಧಿ ಅಂಗಡಿ ಹತ್ರ ನಿಂತಿದ್ದೆಯಲ್ಲ,” ಅಂದ ಡಬಡಬ, ನೆಲ ನೋಡುತ್ತ. “ನಾನು ಕಿಟಕೀಲಿದ್ದೆ. ಇಳಿದು ಬರ್ಬೇಕಿತ್ತು.”

ಹಲ್ಲಯ್ಯ ಕೈ ಚಾಚಿದ. “ಆ ಸೆಟ್ಟು ತೆಗೆದುಕೊಡು ಇತ್ಲಾಗೆ. ಯಾವ ಮುಠ್ಠಾಳ ಮಾಡಿದ್ದು ಅದು?”

ಹೆಂಡತಿಯ ಎದುರೂ ಹಲ್ಲು ತೆಗೆಯದ ಮನುಷ್ಯ ಡಬಡಬ. ಬಾಗಿಲಲ್ಲೇ ನಿಂತು, ಬಾಯಿಗೆ ಬೆರಳು ಹಾಕಿ ತೆಗೆದು, ಅಂಗಿಯ ಅಂಚಿಗೆ ಒರೆಸಿ, ಹಲ್ಲಯ್ಯನ ಅಂಗೈ ಮೇಲಿಟ್ಟ. ಇಷ್ಟು ವರ್ಷ ಸಾವಿರಾರು ಸೆಟ್ಟು ಮಾಡಿದ ಆ ಕೈಗೆ, ಒಬ್ಬರ ಬಾಯಿಂದ ಆಗಷ್ಟೇ ಬಂದ ಬೆಚ್ಚಗಿನ ಸೆಟ್ಟು ಒಂದೂ ಸಿಕ್ಕಿರಲಿಲ್ಲ.

“ಒಳಗ್ ಬಾ,” ಅಂದ ಡಬಡಬ, ಹಲ್ಲಿಲ್ಲದ ಬಾಯಲ್ಲಿ.