ಬಾನುಬಿ ಓದದ ನಲವತ್ತೇಳನೆಯ ಪುಸ್ತಕ

ಆಳಂದದ ಬಸ್‌ಸ್ಟ್ಯಾಂಡಿನ ಗೇಟಿಗೆ ಹತ್ತಿಕೊಂಡು ಬಾನುಬಿಯ ತಗಡಿನ ಅಂಗಡಿ ಇತ್ತು. ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಪತ್ತೇದಾರಿ ಇದ್ದವು, ಸಂಸಾರದ ಕಥೆಗಳಿದ್ದವು, ಆದರೆ ಜನ ಕೇಳಿಕೊಂಡು ಬರುತ್ತಿದ್ದದ್ದು ‘ಶತತಾರೆ’ಯನ್ನು. ಎಪ್ಪತ್ತೇಳರಲ್ಲಿ ರೇಡಿಯೊದಲ್ಲಿ ಪ್ರತಿ ಗುರುವಾರ ಆ ಹೆಸರಿನ ನಾಟಕ ಬರುತ್ತಿತ್ತು. ಶತತಾರೆ ಎಂದರೆ ಆಕಾಶದಲ್ಲಿ ಲೋಕದಿಂದ ಲೋಕಕ್ಕೆ ತಿರುಗುವ ಹಡಗು. ಅದಕ್ಕೆ ಅನಿರುದ್ಧ ಎಂಬ ಕಪ್ತಾನ, ದಾರಿ ನೋಡಿ ಹೇಳಲು ರೋಹಿಣಿ, ಉಳಿದ ಕೆಲಸಕ್ಕೆಲ್ಲ ಕಂಚ ಎಂಬ ಯಂತ್ರದ ಮನುಷ್ಯ. ನಾಟಕ ಒಂದೂವರೆ ವರ್ಷಕ್ಕೆ ನಿಂತಿತು. ಜನ ಬಿಡಲಿಲ್ಲ. ಗದಗಿನ ಕಡೆಯ ಒಂದು ಪ್ರೆಸ್ಸಿನವರು ಅದೇ ಪಾತ್ರಗಳನ್ನಿಟ್ಟುಕೊಂಡು ತಿಂಗಳಿಗೊಂದು ಸಣ್ಣ ಕಾದಂಬರಿ ಹೊರಡಿಸತೊಡಗಿದರು. ಬರೆಯುವವರು ಬದಲಾಗುತ್ತಿದ್ದರು, ಹಡಗು ಮಾತ್ರ ನಡೆಯುತ್ತಲೇ ಇತ್ತು.

ಅಂಗಡಿ ಇಟ್ಟವನು ಬಾನುಬಿಯ ಗಂಡ ಶರಫುದ್ದೀನ. ಪುಸ್ತಕ ಮರಳಿ ತಂದವರನ್ನು “ಹೆಂಗಿತ್ರಿ?” ಎಂದು ಕೇಳದೆ ಅವನು ಬಿಡುತ್ತಿರಲಿಲ್ಲ. ತೊಗರಿ ಖರೀದಿಯ ಗುಮಾಸ್ತರು, ಕಂಡಕ್ಟರುಗಳು, ಕಾಲೇಜಿನ ಹುಡುಗಿಯರು ಅಂಗಡಿ ಮುಂದಿನ ಬಾಕಿನ ಮೇಲೆ ಕೂತು, ಕಪ್ತಾನ ಮಾಡಿದ್ದು ಸರಿಯೋ ತಪ್ಪೋ ಎಂದು ಜಗಳಾಡುತ್ತ ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು.

ಎಂಬತ್ತೆರಡರ ಮಳೆಗಾಲದಲ್ಲಿ ಶರಫುದ್ದೀನ ಕಾಮಣಿಯಾಗಿ, ಕಣ್ಣು ಮೈ ಹಳದಿಯಾಗಿ ತೀರಿಕೊಂಡ. ಬಾನುಬಿ ಗಂಡ ಸತ್ತವರು ಮನೆಯೊಳಗೇ ಇರಬೇಕಾದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತು ಕೂತು, ಎದ್ದು ಬಂದು ಅಂಗಡಿಯ ಕೀಲಿ ತೆಗೆದಳು. ಆಕೆ ಓದಿದ್ದು ಉರ್ದು ಶಾಲೆ, ಅದೂ ನಾಲ್ಕನೆಯ ಇಯತ್ತೆ. ಕನ್ನಡ ಮಾತು ಸಲೀಸಾಗಿ ಬರುತ್ತಿತ್ತು, ಅಕ್ಷರ ಒಂದೂ ಬರುತ್ತಿರಲಿಲ್ಲ. ರಟ್ಟಿನ ಮೇಲಿನ ಚಿತ್ರ, ನಂಬರು ನೋಡಿ ಪುಸ್ತಕ ಎತ್ತಿಕೊಡುತ್ತಿದ್ದಳು. ಒಳಗೇನಿದೆ ಎಂದು ಗಿರಾಕಿಗೆ ಹೇಳಬೇಕಲ್ಲ? ಅದಕ್ಕೆ ಗಂಡ ಕೇಳುತ್ತಿದ್ದುದನ್ನೇ ಆಕೆಯೂ ಕೇಳತೊಡಗಿದಳು.

ಮೊದಲು ಬಂದವನು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡುವ ದತ್ತಪ್ಪ. ಅಂಗಡಿ ಮುಚ್ಚಿದ್ದಾಗ ಟಪಾಲಿನಲ್ಲಿ ಬಂದು ಕೂತಿದ್ದ ಶತತಾರೆಯ ನಲವತ್ತೇಳನೆಯ ಪುಸ್ತಕವನ್ನು ಒಯ್ದು ಮರುದಿನವೇ ತಂದ.

“ಹೆಂಗಿತ್ರಿ ದತ್ತಪ್ಪಣ್ಣಾ?”

ದತ್ತಪ್ಪ ಪುಸ್ತಕವನ್ನು ಕೈಯಲ್ಲಿ ಹಿಂದುಮುಂದು ತಿರುಗಿಸುತ್ತ ನಿಂತ.

“ಕಂಚ ಸೂರ್ಯನ ಬೆಂಕ್ಯಾಗ ಬಿದ್ದಾನ್ರಿ,” ಎಂದ.

“ಹಾಯ್ ಅಲ್ಲಾ! ಸತ್ತನಾ?”

ರೇಡಿಯೊ ನಾಟಕವನ್ನು ಆಕೆ ಗಂಡನ ಜೊತೆ ಕೂತು ಒಂದು ವಾರವೂ ಬಿಡದೆ ಕೇಳಿದ್ದಳು. ಏರಿಳಿತವಿಲ್ಲದ ದನಿಯಲ್ಲಿ ಮಾತಾಡುವ ಕಂಚನನ್ನು ಕಂಡರೆ ಇಬ್ಬರಿಗೂ ಪ್ರೀತಿ.

“ಸತ್ತಿಲ್ರಿ,” ಎಂದ ದತ್ತಪ್ಪ ಪುಸ್ತಕದ ಕಡೆ ನೋಡದೆ. “ಮೈ ಸುಟ್ಟದ. ದನಿ ಮಾತ್ರ ಹಡಗದ ರೇಡಿಯೊದಾಗ ಉಳಕೊಂಡದ. ದಿನಾ ಸಂಜಿಗಿ ರೋಹಿಣಿಗಿ, ಊಟ ಆಯ್ತೇನು ಅಂತ ಕೇಳ್ತಾನ.”

ಬಾನುಬಿ ಅಂದು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಅಲ್ಲಿಂದ ಮುಂದೆ ಪ್ರತಿ ತಿಂಗಳು ದತ್ತಪ್ಪನೇ ಮೊದಲು ಓದುವವನು, ಬಾನುಬಿಗೆ ಹೇಳುವವನು. ದನಿಯಾಗಿ ಉಳಿದ ಕಂಚ ಒಮ್ಮೆ ಹಡಗಿಗೆ ದಾರಿ ತೋರಿಸಿದ, ಒಮ್ಮೆ ಕಪ್ತಾನನನ್ನು ಬೈದ, ಒಮ್ಮೆ ಮೂರು ತಿಂಗಳು ಸಿಟ್ಟು ಮಾಡಿಕೊಂಡು ಮಾತೇ ಬಿಟ್ಟ. ಬಾನುಬಿ ಕೇಳಿದ್ದನ್ನೆಲ್ಲ ಗಿರಾಕಿಗಳಿಗೆ ಹೇಳುವಳು. ಅವರು ಕೇಳಿ “ಹೌದ್ರಿ, ಹೌದ್ರಿ” ಎಂದು ಪುಸ್ತಕ ಒಯ್ಯುವರು. ದಿನಕ್ಕೆ ಹತ್ತಾರು ಜನರ ಅಭಿಪ್ರಾಯ ಕೇಳಿ ಕೇಳಿ ಸಂಜೆಯ ಹೊತ್ತಿಗೆ ಆಕೆಗೆ ತಲೆ ಭಾರವಾಗುತ್ತಿತ್ತು. ಯಾರೋ ಹೊಸಬರು ಬರೆಯುತ್ತಿದ್ದಾರೆ, ಅವರಿಗೆ ಹಡಗಿನ ಗಂಧವೇ ಇಲ್ಲ, ರೋಹಿಣಿಯ ಕಣ್ಣು ಮೊದಲು ಕಂದು ಇದ್ದದ್ದು ಈಗ ಕಪ್ಪು ಹೆಂಗಾಯ್ತು, ಹೀಗೆ. ಅಂಗಡಿ ನಡೆಯಬೇಕು, ಹ್ಞೂಂ ಎನ್ನಬೇಕು.

ಅಫಜಲಪುರದಲ್ಲಿ ಕೆಲಸಕ್ಕಿದ್ದ ಗುರುಶಾಂತಮ್ಮ ಟೀಚರು ಶನಿವಾರ ಆಳಂದದ ತವರುಮನೆಗೆ ಬಂದಾಗ ಒಂದು ಪುಸ್ತಕ ಒಯ್ದು, ಸೋಮವಾರ ಬಸ್ಸು ಹತ್ತುವ ಮುಂಚೆ ಕೊಟ್ಟು ಹೋಗುತ್ತಿದ್ದರು. ಬಾಕಿನ ಮೇಲೆ ಕೂಡುವ ಪೈಕಿ ಅಲ್ಲ. ತೊಂಬತ್ತರಲ್ಲಿ ಅವರು ಹಳೆಯ ಪುಸ್ತಕಗಳನ್ನು ಮೊದಲಿನಿಂದ ಓದಲು ಹಿಡಿದು, ಒಂದು ಸೋಮವಾರ ನಲವತ್ತೇಳನೆಯದನ್ನು ಮರಳಿಸುತ್ತ ಅಂದರು:

“ಕಂಚ ಸತ್ತದ್ದು ಛಲೋ ಬರದಿಲ್ರಿ. ಎರಡು ಸಾಲಿನಾಗ ಮುಗಿಸ್ಯಾರ. ಮುಂದಿನವು ಮೊದಲೇ ಓದೇನಿ, ಯಾರೂ ಅವನ ಹೆಸರೂ ಎತ್ತಂಗಿಲ್ಲ.”

“ಸತ್ತಿಲ್ಲಲ್ರಿ ಬಾಯಾರ. ದನಿ ಅದಲ್ಲ.”

“ಎಂಥಾ ದನಿ? ನಾ ಓದೇನಲ್ರಿ.”

“ಹಾಳಿ ಹಾರಿಸಿ ಓದೀರಿ ನೀವು.” ಬಾನುಬಿಯ ಗಂಟಲು ಏರಿತು. “ಶಾಲಿ ಕಲಸೋರು ಹಿಂಗ ಓದಿದ್ರ ಮಕ್ಕಳ ಗತಿ ಏನ್ರಿ?”

ಬಾಕಿನ ಮೇಲಿದ್ದವರೆಲ್ಲ ನೆಲ ನೋಡುತ್ತ ಕೂತರು. ಟೀಚರು ಪುಸ್ತಕ ಇಟ್ಟು ಹೋದರು. ಮತ್ತೆ ಅಂಗಡಿಗೆ ಬರಲಿಲ್ಲ. ಸೋಮವಾರ ಗೇಟಿನ ಆಚೆಯೇ ನಿಂತು ಬಸ್ಸಿಗೆ ಕೈ ಮಾಡುವುದು ಬಾನುಬಿಗೆ ಕಾಣುತ್ತಿತ್ತು.

ಮರುವರ್ಷ ಓಣಿಯಲ್ಲಿ ಸಾಕ್ಷರತೆಯ ವರ್ಗ ಶುರುವಾಯಿತು. ಬಾನುಬಿ ಹೋದಳು. ಒಂದು ಭಾಷೆಯ ಅಕ್ಷರ ಬರುತ್ತಿದ್ದುದರಿಂದ ಇನ್ನೊಂದು ಬೇಗ ಹತ್ತಿತು. ಆರು ತಿಂಗಳಿಗೆ ಬಸ್ಸಿನ ಬೋರ್ಡು, ಎಂಟು ತಿಂಗಳಿಗೆ ಪೇಪರಿನ ದಪ್ಪಕ್ಷರ. ವರ್ಷದ ಕೊನೆಗೆ ಒಂದು ಮಧ್ಯಾಹ್ನ, ಬಿಸಿಲಿಗೆ ಗಿರಾಕಿ ಇಲ್ಲದಾಗ, ನಲವತ್ತೇಳನೆಯ ಪುಸ್ತಕ ತೆಗೆದಳು. ಯಾರ ಬಾಯಿಂದಲೂ ಕೇಳದೆ ತಾನೇ ಕಂಚನ ದನಿ ಓದಬೇಕೆಂದು ಆಸೆ. ಬೆರಳಿಟ್ಟು ಓದುತ್ತ ಕೊನೆಯ ಹಾಳೆಗೆ ಬರಲು ಹನ್ನೊಂದು ದಿನ ಹಿಡಿಯಿತು.

ಅಲ್ಲಿ ಕಂಚ ಬೆಂಕಿಗೆ ಬಿದ್ದ. ಕಪ್ತಾನ ಕಿಟಕಿಯಿಂದ ನೋಡಿದ. ಹಡಗು ಮುಂದೆ ಹೋಯಿತು. ನಲವತ್ತೆಂಟನೆಯದನ್ನು ತೆಗೆದು ಹುಡುಕಿದಳು. ಅದರಲ್ಲಿ ಬೇರೆ ಒಂದು ಯಂತ್ರ ಇತ್ತು, ಅದಕ್ಕೆ ಬೇರೆ ಹೆಸರು.

ಅಂದು ಸಂಜೆ ದತ್ತಪ್ಪ ಕಚೇರಿ ಮುಗಿಸಿ ಬಂದಾಗ ಬಾನುಬಿ ಪುಸ್ತಕವನ್ನು ಅವನ ಮುಂದೆ ಹಿಡಿದಳು.

“ದನಿ ಎಲ್ಲ್ಯದ, ತೋರಸ್ರಿ.”

ದತ್ತಪ್ಪ ಬಾಕಿನ ಮೇಲೆ ಕೂತ. ಮುಖ ಒರೆಸಿಕೊಂಡ.

“ಇಲ್ರಿ ಅಕ್ಕಾ. ಅದು ನಂದು.”

“ಯಾಕ?”

“ನೀವು ಆಗಷ್ಟೇ ಇದ್ದತ್ತು ಮುಗಿಸಿ ಬಂದು ಕೂತಿದ್ರಿ. ಸತ್ತನಾ ಅಂತ ಕೇಳಿದ್ರಿ. ಸತ್ತ, ಮುಗೀತು ಅಂತ ಹೆಂಗ ಹೇಳಲಿ? ಬಾಯಿಗಿ ಬಂದದ್ದು ಹೇಳಿದೆ. ಮುಂದಿನ ತಿಂಗಳು, ಕಂಚ ಏನಂದ ಅಂತ ಕೇಳಿದ್ರಿ. ಅಲ್ಲಿಂದ ಬಿಡಿಸಿಕೊಳ್ಳಾಕ ಆಗ್ಲೇ ಇಲ್ಲ. ಒಂಬತ್ತು ವರ್ಷ ಆಯ್ತ್ರಿ. ಹೊಸ ಪುಸ್ತಕ ಬಂತಂದ್ರ ನನಗ ಎದಿ ಧಸಕ್ ಅಂತಿತ್ತು. ಹ್ವಾದ ತಿಂಗಳು ಏನ್ ಹೇಳೇನಿ ಅನ್ನೋದು ನೆನಪಿಟ್ಕೋಬೇಕು, ಈ ತಿಂಗಳದು ಹುಟ್ಟಸಬೇಕು. ಆ ಮೂರು ತಿಂಗಳು ಸಿಟ್ಟಿಗೆದ್ದು ಮಾತು ಬಿಟ್ಟನಲ್ಲ, ಅದು ನನಗ ಸಾಕಾಗಿತ್ರಿ, ಅದಕ್ಕ.”

“ಓದೋ ಮಂದಿ ಯಾರೂ ಏನೂ ಅನ್ನಲಿಲ್ಲ?”

“ಬಾಕಿನ ಮ್ಯಾಲ ಕೂಡೋರಿಗೆಲ್ಲ ನಾ ಹೇಳಿಟ್ಟಿದ್ದೆ. ಟೀಚರಿಗೆ ಒಬ್ಬರಿಗೇ ಹೇಳಿದ್ದಿಲ್ಲ.”

ಅಷ್ಟು ವರ್ಷ ಅಷ್ಟು ಜನ “ಹೌದ್ರಿ, ಹೌದ್ರಿ” ಅಂದದ್ದು ಒಂದೊಂದಾಗಿ ಬಾನುಬಿಯ ಕಿವಿಗೆ ಮರಳಿ ಬಂತು. ಅಳುವೋ ಸಿಟ್ಟೋ ತಿಳಿಯಲಿಲ್ಲ. ಎರಡಕ್ಕೂ ಮೈಯಲ್ಲಿ ಕಸುವಿರಲಿಲ್ಲ. ಅಂಗಡಿಯ ಬಾಯಿಗೆ ಫಳಿ ಹಾಕಿ ಮನೆಗೆ ಹೋದಳು. ನಾಲ್ಕು ದಿನ ಅಂಗಡಿ ತೆರೆಯಲಿಲ್ಲ.

ಐದನೆಯ ದಿನ ಅಫಜಲಪುರದ ಬಸ್ಸು ಹತ್ತಿದಳು. ಗುರುಶಾಂತಮ್ಮ ಟೀಚರು ಶಾಲೆಯ ಪಡಸಾಲೆಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತ ಕೂತಿದ್ದರು. ಎರಡು ವರ್ಷದಲ್ಲಿ ಚಾಳೀಸು ಬಂದಿತ್ತು. ಬಾನುಬಿಯನ್ನು ನೋಡಿ ಕೆಂಪು ಪೆನ್ನು ಕೆಳಗಿಟ್ಟರು.

“ನೀವಂದದ್ದೇ ಖರೇ ಬಾಯಾರ,” ಎಂದಳು ಬಾನುಬಿ ನಿಂತಲ್ಲೇ. “ಮಂದಿ ಮುಂದ ನಿಮಗ ಅನಬಾರದ್ದು ಅಂದೆ. ಮಾಫ್ ಮಾಡ್ರಿ.” ನಡೆದದ್ದನ್ನು ಹೇಳಿದಳು.

ಟೀಚರು ಚಾಳೀಸು ತೆಗೆದು ಸೆರಗಿನಿಂದ ಒರೆಸಿದರು. “ಅವತ್ತ ಇಲ್ಲಿ ಬಂದು, ಒಬ್ಬರ ಕಡಿಂದ ಅದೇ ಪುಸ್ತಕ ಇಸಗೊಂಡು ಮೂರು ಸಲ ಓದಿದೆ ನೋಡ್ರಿ. ನನ್ನ ಕಣ್ಣಿಗೇ ಏನರ ಆಗ್ಯದೇನೋ ಅಂತ ಡಾಕ್ಟರ ಕಡೆ ಹೋದೆ. ಚಾಳೀಸು ಕೊಟ್ರು.”

ಇಬ್ಬರಿಗೂ ನಗು ಬಂತು, ನಿಲ್ಲಲಿಲ್ಲ. ನಗು ಮುಗಿದಾಗ ಇಬ್ಬರೂ ದಣಿದಿದ್ದರು.

“ಸಿಟ್ಟು ಬಂದಿತ್ತ್ರಿ ನನಗ,” ಎಂದರು ಟೀಚರು. “ಈಗೂ ಪೂರಾ ಹೋಗಿಲ್ಲ. ಆದ್ರ ಒಂದು ಮಾತು. ಆ ಪುಸ್ತಕದಾಗ ಇರೋದಕ್ಕಿಂತ ನಿಮ್ಮ ದತ್ತಪ್ಪ ಹೇಳಿದ್ದು ಛಲೋ ಅದ. ಕಂಚ ಇನ್ನ ಏನೇನು ಅಂದ, ಹೇಳ್ರಿ.”

ಬಾನುಬಿ ಹೇಳಿದಳು. ಸಂಜೆಯ ಬಸ್ಸಿನ ತನಕ ಹೇಳಿದಳು. ತಾನು ಒಂಬತ್ತು ವರ್ಷ ಇಷ್ಟೊಂದು ಕೇಳಿದ್ದೆನೇ ಎಂದು ಆಕೆಗೇ ಸೋಜಿಗವಾಯಿತು.

ಶನಿವಾರ ಟೀಚರು ಅಂಗಡಿಗೆ ಬಂದರು. ದತ್ತಪ್ಪ ಮಾತ್ರ ಎರಡು ತಿಂಗಳು ಆ ಕಡೆ ಹಾಯಲಿಲ್ಲ. ಕಡೆಗೆ ಬಾನುಬಿಯೇ ತಾಲೂಕು ಕಚೇರಿಗೆ ಹೋಗಿ, ಹಳೆಯ ಕಡತಗಳ ಧೂಳಿನ ನಡುವೆ ಕೂತವನಿಗೆ ಹೊಸ ಪುಸ್ತಕ ಕೊಟ್ಟಳು. “ಓದಿ ಬರ್ರಿ. ಇದ್ದದ್ದು ಇದ್ದಂಗ ಹೇಳ್ರಿ, ಸಾಕು.”

ಅವನು ಓದಿ ಬಂದ. “ಏನೇನೂ ಛಂದಿಲ್ರಿ ಅಕ್ಕಾ,” ಎಂದ. ಆ ಮಾತು ಹೇಳಿ ಅವನ ಹೆಗಲು ಇಳಿದದ್ದು ಕಾಣಿಸಿತು.

ಅವನು ಹೇಳಿದ್ದು ನಿಜವೇ ಆಗಿತ್ತು. ಕೊನೆಕೊನೆಗೆ ಬಂದ ಪುಸ್ತಕಗಳಲ್ಲಿ ಹೆಸರುಗಳೇ ಅದಲುಬದಲಾಗಿರುತ್ತಿದ್ದವು. ತೊಂಬತ್ಮೂರರಲ್ಲಿ ಪ್ರೆಸ್ಸಿನವರಿಂದ ಒಂದು ಕಾರ್ಡು ಬಂತು. ಬಾನುಬಿ ತಾನೇ ಓದಿದಳು. ನೂರಾ ಅರವತ್ತೆಂಟಕ್ಕೆ ಮಾಲೆ ನಿಂತಿತ್ತು. ಹಡಗು ಯಾವ ಊರಿಗೂ ಮುಟ್ಟಿರಲಿಲ್ಲ.

ಅಂದು ಶನಿವಾರ. ಬಾಕಿನ ಮೇಲೆ ಟೀಚರು ಒಂದು ತುದಿಗೆ, ದತ್ತಪ್ಪ ಇನ್ನೊಂದು ತುದಿಗೆ.

“ಮೊದಲಿನ ಇಪ್ಪತ್ತೇ ಖರೇ ಪುಸ್ತಕ,” ಎಂದರು ಟೀಚರು. “ಉಳಿದದ್ದು ಬರೇ ಕಾಗದ.”

“ನಲವತ್ತರ ತನಕ ಅನ್ರಿ,” ಎಂದ ದತ್ತಪ್ಪ. “ಮೂವತ್ತಾರನೇದು ಓದೀರಿಲ್ಲೋ?”

“ಮೂವತ್ತಾರಾ? ಅದರಾಗ ರೋಹಿಣಿ ಬರೇ ಅಳ್ತಾಳ.”

“ಅಳಬಾರದೇನ್ರಿ ಮತ್ತ?”

ಇಬ್ಬರೂ ಒಟ್ಟಿಗೆ ಬಾನುಬಿಯ ಕಡೆ ತಿರುಗಿದರು. “ನೀವು ಹೇಳ್ರಿ ಅಕ್ಕಾ,” ಎಂದ ದತ್ತಪ್ಪ.

ಬಾನುಬಿ ತಗಡಿಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿದ್ದಳು. ಕಣ್ಣು ತೆರೆಯದೇ ಅಂದಳು:

“ನಾ ಇನ್ನ ಹನ್ನೆರಡನೇದು ಓದಾಕತ್ತೇನ್ರಿ. ಮುಂದಿಂದು ಹೇಳಬ್ಯಾಡ್ರಿ.”