ಏಕವಚನದ ಕ್ಲಾಸು

ಬಿಟಿಎಂ ಲೇಔಟಿನ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕೆಲವು ಕಾಲ ನಾನು ಕನ್ನಡ ಕಲಿಸಿದೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಗದಗಿನ ಕಡೆಯಿಂದ ಬಂದು ಅಲ್ಲಿಯೇ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದೆವು. ಗಂಡ ಬೆಳಿಗ್ಗೆ ಆಫೀಸಿಗೆ ಹೋದರೆ ಸಂಜೆಯೇ ಬರುತ್ತಿದ್ದರು. ಕನ್ನಡದಲ್ಲಿ ಎಂ.ಎ. ಮಾಡಿ ಮನೆಯಲ್ಲಿ ಬೇಳೆ ಆರಿಸುತ್ತ ಕೂತಿದ್ದವಳಿಗೆ ಹೊರರಾಜ್ಯದವರಿಗೆ ಮಾತಾಡುವ ಕನ್ನಡ ಕಲಿಸುವ ಕೆಲಸ ಸಿಕ್ಕಿದಾಗ ಹಿಗ್ಗಾಗಿತ್ತು.

ಹಿಗ್ಗು ಮೆಟ್ಟಿಲು ಹತ್ತುವವರೆಗೆ ಮಾತ್ರ ಉಳಿಯಿತು. ಬಾಗಿಲ ಮೇಲಿನ ಬೋರ್ಡಿನಲ್ಲಿ ಕನ್ನಡ ಎಂಬ ಪದವೊಂದನ್ನೇ ಉದ್ಧರಣ ಚಿಹ್ನೆಯೊಳಗೆ ಕೂಡಿಹಾಕಿ, “ಕನ್ನಡ” ಕಲಿಸಲಾಗುವುದು!!! ಎಂದು ಬರೆಸಿದ್ದರು. ಹೀಗೆ ಬರೆದರೆ ‘ಕನ್ನಡ ಎಂದು ಹೇಳಿಕೊಳ್ಳುವ ಯಾವುದೋ ಒಂದು’ ಎಂಬ ಅರ್ಥ ಬರುತ್ತದೆಂದು ಕ್ಲಾಸಿನ ಮಾಲೀಕನಿಗೆ ಹೇಳಿದೆ.

“ಹೈಲೈಟ್ ಆಗ್ಲಿ ಅಂತ ಹಾಕ್ಸಿರೋದು ಮೇಡಂ” ಎಂದ.

ಮೂರು ಉದ್ಗಾರ ಚಿಹ್ನೆಗಳ ವಿಚಾರ ಎತ್ತುವ ಉತ್ಸಾಹ ಉಳಿಯಲಿಲ್ಲ. ಒಳಗೆ ನಡೆಯುತ್ತಿದ್ದುದನ್ನು ಕಂಡ ಮೇಲಂತೂ ಬೋರ್ಡು ಇದ್ದ ಸಂಗತಿಯನ್ನೇ ಹೇಳುತ್ತಿದೆ ಅನ್ನಿಸಿತು.

ಮಾಲೀಕ ಜಯನಗರದವನು, ಅಪ್ಪಟ ಕನ್ನಡಿಗ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಅವನ ಮಕ್ಕಳಿಗೆ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ಅವನನ್ನು ಹೀಗೆ ಏಕವಚನದಲ್ಲಿ ಬರೆಯುತ್ತಿರುವುದು ಬೇಕೆಂದೇ.

ಮೊದಲ ವಾರ ನಾನು ನಾಮಪದ, ಸರ್ವನಾಮ, ವಚನ ಎಂದು ಶುರು ಮಾಡಿದೆ. ನೀನು, ನೀವು. ಬಾ, ಬನ್ನಿ. ಯಾರಿಗೆ ಯಾವುದು ಎಂಬುದನ್ನು ಮೊದಲು ತಿಳಿಸದೆ ಕನ್ನಡದಲ್ಲಿ ಒಂದು ವಾಕ್ಯವನ್ನೂ ಸರಿಯಾಗಿ ಆಡಲಾಗದು. ಕ್ಲಾಸಿನಲ್ಲಿ ಬ್ಯಾಂಕಿನವರು, ಕಂಪನಿಯವರು, ಅವರ ಹೆಂಡಂದಿರು ಇದ್ದರು. ಮುಂದಿನ ಸಾಲಿನಲ್ಲಿ ದಿಲ್ಲಿಯ ಕಡೆಯ ಒಬ್ಬ ಹೆಂಗಸು ಕೂರುತ್ತಿದ್ದಳು. ಜರಗನಹಳ್ಳಿಯಲ್ಲಿ ಆಕೆಯ ಬಾಡಿಗೆ ಮನೆ. ಆಕೆ ಕೈಯೆತ್ತಿ ಇಂಗ್ಲಿಷಿನಲ್ಲಿ ಕೇಳಿದಳು: ಇಷ್ಟೆಲ್ಲ ಯಾಕೆ? ಕೆಲಸದವಳು, ಆಟೋದವನು, ತರಕಾರಿಯವನು, ಇಷ್ಟು ಜನರ ಹತ್ತಿರ ಮಾತಾಡಲು ಬಂದರೆ ಸಾಲದೇ?

ಎಲ್ಲರೂ ತಲೆಯಾಡಿಸಿದರು. ನನಗೆ ಉರಿದುಹೋಯಿತು. ಹಿಂದಿಯಲ್ಲಿ ತಮ್ಮತಮ್ಮೊಳಗೆ ಮಾತಾಡುವಾಗ ಇದೇ ಜನ ಒಬ್ಬರಿಗೊಬ್ಬರು ‘ಆಪ್, ಆಪ್’ ಎಂದು ಬೆಣ್ಣೆಯಲ್ಲಿ ಅದ್ದಿ ತೆಗೆದಂತೆ ಆಡುತ್ತಿದ್ದರು. ಬಹುವಚನ ಎಂದರೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದು ಕನ್ನಡ ಮಾತಾಡುವವರಿಗೂ ಸಲ್ಲುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಅವರಿಗಾದರೂ ಭಾಷೆ ಹೊಸದು. ಮಾಲೀಕನಿಗೇನು ಬಂದಿತ್ತು? ಆ ಸಂಜೆಯೇ ನನ್ನನ್ನು ಕರೆದ.

“ಮೇಡಂ, ಈ ವಚನ, ವಿಭಕ್ತಿ ಎಲ್ಲ ಬಿಟ್ಬಿಡಿ. ಅವ್ರಿಗೆ ಕೆಲ್ಸ ಆಗ್ಬೇಕು ಅಷ್ಟೆ. ಕ್ರಿಯಾಪದ ಒಂದಿದ್ರೆ ಸಾಕು.”

“ಹಂಗ ಬಾ, ಹೋಗು ಅಂದ್ರ ಮಂದಿ ಸಿಟ್ಟಿಗೇಳ್ತಾರ್ರಿ” ಎಂದೆ.

“ನೋಡಿ, ಆ ನಿಮ್ಮ ರೀ ಗೀ ಎಲ್ಲ ಇಲ್ಲಿ ನಡಿಯಲ್ಲ. ಬೆಂಗ್ಳೂರ್ ಕನ್ನಡ ಕಲ್ಸಿ.”

ಮರುದಿನ ತಾನೇ ಒಂದು ಪಾಠ ಬರೆದು ಜೆರಾಕ್ಸ್ ಮಾಡಿಸಿ ಹಂಚಿದ. ಇಲ್ಲಿ ಬಾ! ಹೋಗು! ನಿಲ್ಲು! ತಾ! ಗುಡಿಸು! ನೀರು ಬಿಡು! ಬೇಗ ಬಿಡು! ಒಂದೊಂದರ ಬೆನ್ನಿಗೂ ಉದ್ಗಾರ ಚಿಹ್ನೆ ಚುಚ್ಚಿದ್ದ. ಯಾಕೆಂದು ಕೇಳಿದ್ದಕ್ಕೆ “ಫೋರ್ಸ್ ಬರುತ್ತೆ” ಎಂದ. ಬೆಂಗಳೂರಿನವರ ಕನ್ನಡ ಇದೇ ಆಗಿದ್ದರೆ ಆ ಊರಿನಲ್ಲಿ ಎರಡು ಮನೆ ಅಕ್ಕಪಕ್ಕ ಇರಲು ಸಾಧ್ಯವಿರಲಿಲ್ಲ. ನಾನು ಅವನಿಲ್ಲದ ಹೊತ್ತಿನಲ್ಲಿ ಬನ್ನಿ, ಹೋಗಿ, ಕೊಡಿ ಎಂದು ಹೇಳಿಕೊಡುತ್ತಲೇ ಇದ್ದೆ. ದಿಲ್ಲಿಯ ಹೆಂಗಸು ಅದನ್ನು ಕೇಳಿಸಿಕೊಂಡು ಹಾಳೆಯಲ್ಲಿದ್ದುದನ್ನೇ ಬಾಯಿಪಾಠ ಮಾಡಿದಳು. ಅದು ಚಿಕ್ಕದಿತ್ತಲ್ಲ.

ಬೇಸಿಗೆ ಬಂತು. ಒಂದು ಭಾನುವಾರ ಆಕೆಯ ಮನೆಯ ನಲ್ಲಿಯಲ್ಲಿ ನೀರಿಲ್ಲ. ಕೆಳಗಿನ ಮನೆಯಲ್ಲಿ ಆ ಕಟ್ಟಡದ ಯಜಮಾನರು. ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಸಾಲು ಮನೆ ಕಟ್ಟಿ ಬಾಡಿಗೆಗೆ ಕೊಟ್ಟವರು. ಅಂದು ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅಂಗಳದಲ್ಲಿ ಕುರ್ಚಿ ಹಾಕಿ, ಉಪ್ಪಿಟ್ಟು ಕೇಸರಿಬಾತು ಕೊಟ್ಟು, ಆ ಯಜಮಾನರು ಹೊಸ ಪಂಚೆಯಲ್ಲಿ ಕೈಕಟ್ಟಿ ನಿಂತಿದ್ದಾಗ ಮೇಲಿನ ಬಾಲ್ಕನಿಯಿಂದ ಕನ್ನಡ ಕೇಳಿಬಂತು:

“ಅಂಕಲ್! ನೀರು ಬಿಡು! ಬೇಗ ಬಿಡು!”

ಅವರು ತಲೆಯೆತ್ತಲಿಲ್ಲ. ಕೇಳಿಸಲಿಲ್ಲವೇನೋ ಎಂದುಕೊಂಡ ಆಕೆ ಹಾಳೆಯ ಇನ್ನೊಂದು ಸಾಲನ್ನೂ ಸೇರಿಸಿದಳು: “ಅಂಕಲ್! ಇಲ್ಲಿ ಬಾ!”

ಸೋಮವಾರ ಕ್ಲಾಸು ನಡೆಯುತ್ತಿದ್ದಾಗ ಆ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಹಿಂದೆ ಆಕೆಯ ಗಂಡ, ಅವನ ಹಿಂದೆ ಮುಖ ಸಣ್ಣದು ಮಾಡಿಕೊಂಡ ಆಕೆ.

“ಯಾರು ಇಲ್ಲಿ ಪಾಠ ಹೇಳ್ಕೊಡೋದು? ಬೀಗ್ರಾಗೋರ ಮುಂದೆ ನನ್ನ ಮರ್ಯಾದೆ ತೆಗೆದುಬಿಟ್ರಲ್ಲ! ಈ ತಿಂಗ್ಳೇ ಮನೆ ಖಾಲಿ ಮಾಡ್ಸ್ತೀನಿ!”

ನಮ್ಮ ಅಪ್ಪಟ ಕನ್ನಡಿಗ ಕುರ್ಚಿಯಿಂದೆದ್ದು ಒಂದು ಕ್ಷಣವೂ ಯೋಚಿಸದೆ ನನ್ನ ಕಡೆ ಬೆರಳು ತೋರಿಸಿದ. “ಈ ಮೇಡಂ ಸಾರ್. ಹುಬ್ಬಳ್ಳಿ ಕಡೆಯೋರು. ಅವ್ರ ಭಾಷೆನೇ ಸ್ವಲ್ಪ ಒರಟು.”

ಗದಗನ್ನು ಹುಬ್ಬಳ್ಳಿ ಮಾಡಿದ್ದನ್ನು ಕ್ಷಮಿಸಬಹುದಿತ್ತು.

“ನಮ್ಮ ಕಡೆ ಗಂಡ ಹೆಂಡ್ತಿ ಜಗಳಾಡಬೇಕಾದ್ರೂ ರೀ ಬಿಡಂಗಿಲ್ಲರಿ” ಎಂದೆ. “ನಾ ಹಂಗ ಕಲಿಸಿಲ್ಲ.”

ಯಾರೂ ನಂಬುವ ಹಾಗಿರಲಿಲ್ಲ. ಆಗ ಅವರೆಲ್ಲರ ಹಿಂದಿನಿಂದ ದಿಲ್ಲಿಯ ಹೆಂಗಸು ಮುಂದೆ ಬಂದಳು. ಒಂದೊಂದೇ ಪದ ಹುಡುಕಿ ಜೋಡಿಸಿದಳು: “ಮೇಡಂ ಹೇಳಿದ್ದು, ಬನ್ನಿ. ಸಾರ್ ಬರೆದಿದ್ದು, ಬಾ. ನಾನು ಸಾರ್ ಕಲ್ತೆ.”

ವಿಭಕ್ತಿ ಇರಲಿಲ್ಲ, ಆದರೂ ಎಲ್ಲರಿಗೂ ಅರ್ಥವಾಯಿತು. ಆ ಕ್ಲಾಸಿನಲ್ಲಿ ನಾನು ಅತಿ ಹೆಚ್ಚು ತಿರಸ್ಕರಿಸಿದ್ದು ಆಕೆಯನ್ನೇ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಅವರೊಬ್ಬರೇ. ಅವರನ್ನು ಇಲ್ಲಿಂದ ಮುಂದೆ ಬಹುವಚನದಲ್ಲೇ ಬರೆಯುತ್ತೇನೆ.

ಯಜಮಾನರು ಮಾಲೀಕನ ಕಡೆ ತಿರುಗಿದರು. “ಏನಯ್ಯಾ, ನೀನು ಕನ್ನಡದೋನಾ? ನಿಮ್ಮಪ್ಪನ್ನೂ ಬಾ ಹೋಗು ಅಂತೀಯಾ?”

“ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ ಸಾರ್” ಎಂದ ಅವನು, ಮುಖ ಕೆಂಪಾಗಿ. ಅಂದರೆ ಬಹುವಚನ ಏತಕ್ಕಿದೆ ಎಂಬುದು ಅವನಿಗೂ ಗೊತ್ತಿತ್ತು.

ನಾನು ಅಂದೇ ಚೀಲ ಎತ್ತಿಕೊಂಡು ಕೆಳಗಿಳಿದೆ. ಬೀದಿಯಲ್ಲಿ ಯಜಮಾನರೂ ಜೀಪು ಹತ್ತುತ್ತಿದ್ದರು. ನನಗೆ ಕೈಮುಗಿದು, “ತಪ್ಪು ತಿಳ್ಕೋಬೇಡಿಮ್ಮ, ಮನುಷ್ಯನಿಗೆ ಮಾತು ಮುಖ್ಯ” ಎಂದರು. ಆಮೇಲೆ ತಮಗಿಂತ ಹತ್ತು ವರ್ಷವಾದರೂ ಹಿರಿಯರಾಗಿದ್ದ ನರೆತ ತಲೆಯ ಡ್ರೈವರಿಗೆ, “ಏಯ್, ತೆಗಿಯೋ ಗಾಡಿ, ಏನ್ ನೋಡ್ತಾ ನಿಂತಿದೀಯ!” ಎಂದರು. ಆ ಹಿರಿಯರು ಗಾಡಿ ತೆಗೆದರು. ಯಜಮಾನರ ಮೇಲಿದ್ದ ನನ್ನ ಗೌರವ ಆ ಜೀಪಿನಲ್ಲೇ ಹೋಯಿತು.

ಮನೆ ಖಾಲಿ ಮಾಡಿಸುವ ಮಾತು ಅಲ್ಲಿಗೇ ತಣ್ಣಗಾಯಿತು. ಗಂಡಿನ ತಾಯಿಗೆ ಬಾಲ್ಕನಿಯ ಪ್ರಸಂಗ ಭಾರಿ ನಗು ತರಿಸಿತಂತೆ, ಸಂಬಂಧ ಕುದುರಿತು. ದಿಲ್ಲಿಯವರು ನನ್ನ ವಿಳಾಸ ಹುಡುಕಿಕೊಂಡು ಬಂದು, ಬಾಗಿಲಲ್ಲೇ ನಿಂತು “ನೀವು ಕಲಿಸಿ” ಎಂದರು. ನಾಮಪದದಿಂದ ಶುರು ಮಾಡಿ ಎಂಟೊಂಬತ್ತು ತಿಂಗಳು ಕಲಿತರು. ಅವರ ಷಷ್ಠಿ ವಿಭಕ್ತಿ ಕೊನೆಯವರೆಗೂ ನೆಟ್ಟಗಾಗಲಿಲ್ಲ.

ಒಂದು ದಿನ ದೂರು ತಂದರು. ತಿಲಕ್ ನಗರದಿಂದ ಬರುವ ಕೆಲಸದಾಕೆಗೆ ಬನ್ನಿ, ಕೂತ್ಕೊಳ್ಳಿ ಎಂದರೆ ಆಕೆ ಸೆರಗು ಬಾಯಿಗಿಟ್ಟು ನಗುತ್ತಾಳಂತೆ. “ಯಾಕಕ್ಕ ನನ್ನ ಹಂಗೆ ಅಂತೀರ, ನಾನೇನ್ ಮೇಷ್ಟ್ರಾ?” ಎಂದು ಕೇಳಿದಳಂತೆ.

“ಬಾ ಅನ್ನಲಾ?” ಎಂದರು ಅವರು.

“ಬ್ಯಾಡ್ರಿ. ನಗಲಿ. ನೀವು ಹಂಗ ಅನ್ಕೋತ ಇರ್ರಿ” ಎಂದೆ.

ಮಾಲೀಕನ ಕ್ಲಾಸು ಮುಚ್ಚಿತು ಎಂದು ಬರೆಯಲು ನನಗೆ ಆಸೆ. ಅವನು ಜಯನಗರದಲ್ಲಿ ಇನ್ನೂ ದೊಡ್ಡದೊಂದನ್ನು ತೆರೆದ. ಅಲ್ಲಿನ ಕಾಂಪ್ಲೆಕ್ಸಿನ ಹತ್ತಿರ ಒಮ್ಮೆ ಎದುರಾದಾಗ, ಏನೂ ನಡೆದೇ ಇಲ್ಲವೆಂಬಂತೆ “ಚೆನ್ನಾಗಿದೀರಾ ಮೇಡಂ? ಟೀಚರ್ಸ್ ಬೇಕಾಗಿದಾರೆ, ಬರ್ತೀರಾ?” ಎಂದು ಕೇಳಿದ. ಅವನಿಗೆ ಉತ್ತರ ಕೊಡದೆ ಸೊಪ್ಪಿನಾಕೆಯ ಹತ್ತಿರ ಹೋಗಿ, ದಂಟು ಹೇಗೆ ಕೊಡ್ತೀರಿ ಎಂದು ಕೇಳಿದೆ.