ರಂಗಧಾಮಣ್ಣನ ಅಳತೆ ಪುಸ್ತಕ

ಬ್ಯಾಟು ಬೇಕು ಅಂತ ಯಾರೇ ಬರಲಿ, ರಂಗಧಾಮಣ್ಣ ಮೊದಲು ನೋಡುತ್ತಿದ್ದುದು ಅವರ ಕಾಲು. ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದೆ ಅವನ ಅಂಗಡಿ. ಕಾಶ್ಮೀರದಿಂದ ತರಿಸಿದ ಮರವನ್ನು ತೊಡೆಗೆ ಆನಿಸಿಕೊಂಡು ಉಜ್ಜುತ್ತಲೇ, "ಯಾವೂರಪ್ಪ? ಭಾನ್ವಾರ ಎಲ್ಲಿ ಆಡ್ತೀಯ? ಬಂದು ನೋಡ್ತೀನಿ, ಆಮ್ಯಾಕೆ ಬ್ಯಾಟು" ಅನ್ನುತ್ತಿದ್ದ. ಹೇಳಿದ ಮೇಲೆ ಹೋಗಿಯೇ ಹೋಗುತ್ತಿದ್ದ ಪುಣ್ಯಾತ್ಮ. ಮಿಡಿಗೇಶಿಯಾಗಲಿ, ಶಿರಾ ಆಗಲಿ, ಬೌಂಡರಿ ಗೆರೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಗಿರಾಕಿಯ ಆಟ ನೋಡಿ, ದರ್ಜಿ ಅಳತೆ ಬರೆದುಕೊಳ್ಳುವ ಹಾಗೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಯಾರ ಕಾಲು ಕದಲುವುದಿಲ್ಲ, ಯಾರ ಹಿಡಿ ಸಡಿಲ, ಎಲ್ಲ ಅದರಲ್ಲಿತ್ತು.

ನಮ್ಮ ಟೀಮಿನ ಕ್ಯಾಪ್ಟನ್ನೂ ಇವನೇ. ಸುತ್ತಲ ತಾಲ್ಲೂಕುಗಳ ಟೂರ್ನಮೆಂಟುಗಳಲ್ಲಿ ಕಪ್ ಬಹುಪಾಲು ನಮಗೇ ಬರುತ್ತಿತ್ತು. ಎದುರು ಟೀಮಿನ ಅರ್ಧ ಜನ ಇವನು ಮಾಡಿಕೊಟ್ಟ ಬ್ಯಾಟನ್ನೇ ಹಿಡಿದು ಬರುತ್ತಿದ್ದರು. ಅವರ ಹುಳುಕೆಲ್ಲ ಇವನಿಗೆ ಗೊತ್ತು, ಆದರೆ ಬಾಯಿ ಬಿಡಬೇಕಲ್ಲ. "ಅಂಗ್ಡಿ ವಿಷ್ಯ ಅಂಗ್ಡೀಲೇ ಇರ್ಲಿ ಕಣ್ಲಾ. ನಂಬಿ ಆಟ ತೋರ್ಸಿರ್ತಾರೆ" ಅನ್ನುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಬೌಲಿಂಗ್ ಮಾಡಿ ಹೊಡೆಸಿಕೊಳ್ಳುವವನು ನಾನು ತಾನೇ.

ಒಂದು ವರ್ಷ ಫೈನಲ್ಲಿಗೆ ವೈ.ಎನ್.ಹೊಸಕೋಟೆಯವರು ಬಂದರು. ಅವರ ಓಬಳೇಶ ಸೆಮಿಫೈನಲ್ಲಿನಲ್ಲಿ ಕೊರಟಗೆರೆಯವರನ್ನು ಚಚ್ಚಿ ಹಾಕಿದ್ದ. ಫೈನಲ್ಲಿನ ಹಿಂದಿನ ದಿನ ರಂಗಧಾಮಣ್ಣ ಅಂಗಡಿಯಿಂದ ಟೀ ಕುಡಿಯಲು ಎದ್ದು ಹೋದಾಗ ನಾನು ಪುಸ್ತಕ ತೆಗೆದು ನೋಡಿಬಿಟ್ಟೆ. 'ಓಬಳೇಶ. ತೋಳಲ್ಲಿ ಬಲ ಐತೆ. ಎದೆ ಮಟ್ಟಕ್ಕೆ ಬಂದ್ರೆ ಕಣ್ಣು ಮುಚ್ತಾನೆ. ಬ್ಯಾಟು ಹಗುರ ಇರ್ಲಿ.'

ಮಾರನೆಯ ದಿನ ಮೂರು ಚೆಂಡು ಎದೆಗೇ ಹಾಕಿದೆ. ಮೂರನೆಯದಕ್ಕೆ ಕ್ಯಾಚು. ಕಪ್ ನಮ್ಮದಾಯಿತು, ಹುಡುಗರು ನನ್ನನ್ನು ಹೊತ್ತು ಕುಣಿದರು. ಗದ್ದಲ ಇಳಿದ ಮೇಲೆ ರಂಗಧಾಮಣ್ಣ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಎದೆಗೇ ಹಾಕು ಅಂತ ಯಾರ್ಲಾ ಹೇಳಿದ್ದು?"

"ಯಾರೂ ಇಲ್ಲಣ್ಣ. ಅಂದಾಜಲ್ಲಿ ಹಾಕ್ದೆ."

ಅಷ್ಟರಲ್ಲಿ ಓಬಳೇಶನೂ ಬಂದ. "ಏಮಣ್ಣಾ, ನೀನೇ ಹೇಳ್ಕೊಟ್ಯಾ?" ಅಂದ.

ಇಲ್ಲ ಅಂದಿದ್ದರೆ ಅದು ನಿಜವೇ ಆಗುತ್ತಿತ್ತು. ರಂಗಧಾಮಣ್ಣ ಹಾಗನ್ನಲಿಲ್ಲ. "ನನ್ ಅಂಗ್ಡಿಯಿಂದ್ಲೇ ಹೋಗೈತೆ ಕಣಪ್ಪ. ತಪ್ಪಾಯ್ತು" ಅಂದು ಕೈ ಮುಗಿದ. ಪಕ್ಕದಲ್ಲೇ ನಿಂತಿದ್ದ ನಾನು ಜಾರಿಕೊಂಡು ಹುಡುಗರ ಗುಂಪಿಗೆ ಸೇರಿಕೊಂಡೆ. ಥೂ, ಈಗ ನೆನೆದರೂ ನಾಚಿಕೆಯಾಗುತ್ತದೆ.

ಮುಂದಿನ ವಾರ ಅವನು ಕ್ಯಾಪ್ಟನ್ ಪಟ್ಟ ಬಿಟ್ಟ. ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. "ಬ್ಯಾಟು ಮಾಡೋನು ಟೀಮು ನಡ್ಸಿದ್ರೆ ಇಂಗೇ ಆಗೋದು. ಎಲ್ಡ್ರಲ್ಲಿ ಒಂದು ಸಾಕು" ಅಂದ. ಅಂಗಡಿಗೆ ಹೋದರೆ ನನಗೆ ಮೊದಲಿನಂತೆಯೇ ಟೀ ತರಿಸುತ್ತಿದ್ದ, ತಮಾಷೆ ಮಾಡುತ್ತಿದ್ದ. ಅವನು ಒಂದು ಮಾತು ಬೈದಿದ್ದರೂ ನಾನು ಹಗುರಾಗುತ್ತಿದ್ದೆ.

ತೀರಿಕೊಳ್ಳುವುದಕ್ಕೆ ಹದಿನೈದು ದಿನ ಮುಂಚೆ ಅವನನ್ನು ನೋಡಲು ಮನೆಗೆ ಹೋಗಿದ್ದೆ. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ. ಮನಸ್ಸು ಗಟ್ಟಿ ಮಾಡಿಕೊಂಡು ಹೇಳಿದೆ: "ಅಣ್ಣಾ, ಅವತ್ತು ಪುಸ್ತಕ ನೋಡಿದ್ದು ನಾನೇ."

"ಗೊತ್ತು ಬುಡ್ಲಾ" ಅಂದ.

"ಗೊತ್ತಿದ್ದೂ ಇಷ್ಟು ವರ್ಷ ಯಾಕಣ್ಣ ಕೇಳ್ಲಿಲ್ಲ?"

ನನ್ನ ಕಡೆ ತಿರುಗಿದ. ಕೋಪ ಇರಲಿಲ್ಲ.

"ಕೇಳಿದ್ನಲ್ಲ, ಅವತ್ತೇ" ಅಂದ. "ನೀನು ಹೇಳ್ಲಿಲ್ಲ."